ಸಂಬಳದ ಬಾಕಿಯೂ ಸಿಂಹಾಸನವೂ: ಇಂಗ್ಲೆಂಡಿನ ಗಣರಾಜ್ಯ ಬಿದ್ದದ್ದು ಯಾಕೆ?

2023ರ ಮೇ 6ರಂದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮೂರನೆಯ ಚಾರ್ಲ್ಸ್ ಅವರ ತಲೆಯ ಮೇಲಿಟ್ಟ ಸೇಂಟ್ ಎಡ್ವರ್ಡ್ ಕಿರೀಟ ನೋಡುವುದಕ್ಕೆ ಮಧ್ಯಯುಗದ್ದೇ ಅನ್ನಿಸುತ್ತದೆ. ಆದರೆ ಅದು ಮಾಡಿಸಿದ್ದು 1661ರಲ್ಲಿ. ಅದಕ್ಕಿಂತ ಹಳೆಯ ಕಿರೀಟವನ್ನು 1649ರಲ್ಲಿ ಪಾರ್ಲಿಮೆಂಟಿನ ಆಜ್ಞೆಯಂತೆ ಒಡೆದು, ಕಲ್ಲುಗಳನ್ನು ಕಿತ್ತು ಮಾರಿ, ಚಿನ್ನವನ್ನು ಕರಗಿಸಿ ನಾಣ್ಯ ಮಾಡಿದ್ದರು. ಅಭಿಷೇಕದ ಎಣ್ಣೆಗೆ ಬಳಸಿದ ಚಮಚ ಮಾತ್ರ ನಿಜಕ್ಕೂ ಹಳೆಯದು, 12ನೇ ಶತಮಾನದ್ದು. ರಾಜನ ಸಾಮಾನುಗಳ ಹರಾಜಿನಲ್ಲಿ ಅರಮನೆಯ ಉಗ್ರಾಣದ ಅಧಿಕಾರಿಯೊಬ್ಬ ಅದನ್ನು 16 ಶಿಲ್ಲಿಂಗ್‌ಗೆ ಕೊಂಡಿಟ್ಟುಕೊಂಡ. ಹನ್ನೊಂದು ವರ್ಷ ಕಳೆದು ರಾಜ ಮರಳಿದಾಗ ತಂದೊಪ್ಪಿಸಿದ. ಹಾಗಾಗಿ ಅದು ಉಳಿಯಿತು.

ಪಟ್ಟಾಭಿಷೇಕದ ಆ ಬೆಳಿಗ್ಗೆಯೇ ಟ್ರಫಾಲ್ಗರ್ ಚೌಕದ ಬಳಿ, ರಾಜಪ್ರಭುತ್ವ ಬೇಡವೆನ್ನುವ ರಿಪಬ್ಲಿಕ್ ಸಂಘಟನೆಯ ಮುಖ್ಯಸ್ಥರನ್ನು ಪೊಲೀಸರು ಹಿಡಿದು, ಸುಮಾರು 16 ಗಂಟೆ ಕೂಡಿಹಾಕಿ, ಆರೋಪ ಹೊರಿಸದೆ ಬಿಟ್ಟರು. ಅಂದಿನಿಂದ ಬ್ರಿಟನ್ನಿನಲ್ಲಿ ರಾಜ ಬೇಕೇ ಬೇಡವೇ ಎಂಬ ಮಾತು ಎದ್ದಾಗಲೆಲ್ಲ ಒಂದೇ ಉತ್ತರ ತಿರುಗಿ ತಿರುಗಿ ಬರುತ್ತದೆ: ಒಮ್ಮೆ ಮಾಡಿ ನೋಡಿಯಾಯಿತು, ಕ್ರಾಮ್‌ವೆಲ್ ಬಂದ, ಜನರಿಗೆ ಸಾಕಾಗಿ ರಾಜನನ್ನೇ ಕರೆದರು.

1649ರಲ್ಲಿ ರಾಜ ಮೊದಲನೆಯ ಚಾರ್ಲ್ಸ್‌ನ ತಲೆ ಕಡಿದು ಇಂಗ್ಲೆಂಡ್ ಗಣರಾಜ್ಯವಾಯಿತು, ಸೇನಾನಾಯಕ ಆಲಿವರ್ ಕ್ರಾಮ್‌ವೆಲ್ ಮುಂದೆ ಅದನ್ನು ಆಳಿದ, 1660ರಲ್ಲಿ ಚಾರ್ಲ್ಸ್‌ನ ಮಗ ಮರಳಿದ. ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ರಾಜನನ್ನು ಕರೆದದ್ದು ನಿಜ. ಆದರೆ 1649ರಿಂದ 1660ರವರೆಗಿನ ಲೆಕ್ಕಪತ್ರ, ಕಾಯ್ದೆ, ಮತ ಎಣಿಕೆಗಳನ್ನು ಹಿಡಿದು ಕುಳಿತರೆ ಬೇರೆಯೇ ಕಾರಣ ಕಾಣುತ್ತದೆ. ಆ ಗಣರಾಜ್ಯ ಸೈನ್ಯದ ಹೆಗಲ ಮೇಲೆ ನಿಂತಿತ್ತು. ಸೈನ್ಯಕ್ಕೆ ಸಂಬಳ ಕೊಡಲು ತೆರಿಗೆ ಬೇಕು, ತೆರಿಗೆಗೆ ಜನ ಒಪ್ಪುವ ಪಾರ್ಲಿಮೆಂಟ್ ಬೇಕು. ಜನ ನಿಜವಾಗಿ ಆರಿಸಿದ ಪಾರ್ಲಿಮೆಂಟ್ ಬಂದರೆ ಅದು ಮೊದಲು ಮಾಡುವ ಕೆಲಸವೇ ಸೈನ್ಯವನ್ನು ಕಡಿತ ಮಾಡುವುದು. ಈ ಗಂಟನ್ನು ಹನ್ನೊಂದು ವರ್ಷದಲ್ಲಿ ಯಾರಿಗೂ ಬಿಚ್ಚಲಾಗಲಿಲ್ಲ.

ಕೆಡವಿದ ಕ್ರಮ

ಗಣರಾಜ್ಯ ಒಂದೇ ದಿನ ಹುಟ್ಟಿದ್ದಲ್ಲ. 1648ರ ಡಿಸೆಂಬರ್ 6ರಂದು ಕರ್ನಲ್ ಥಾಮಸ್ ಪ್ರೈಡ್ ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆಯ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತು, ಅಂತರ್ಯುದ್ಧದಲ್ಲಿ ಸೋತ ರಾಜನೊಂದಿಗೆ ಸಂಧಾನ ಬೇಕೆಂದಿದ್ದ ಸದಸ್ಯರನ್ನು ಹೊರಗೆ ತಳ್ಳಿದ. ಉಳಿದವರ ಸಭೆಗೆ ಜನ ಇಟ್ಟ ಹೆಸರು ‘ರಂಪ್’, ಅಂದರೆ ಕಡಿದ ಮೇಲೆ ಉಳಿದ ಹಿಂಭಾಗ. 1649ರ ಜನವರಿ 4ರಂದು ಈ ಸಭೆ ಮೂರು ನಿರ್ಣಯ ಮಾಡಿತು: ದೇವರ ಕೆಳಗೆ ಸಕಲ ನ್ಯಾಯಯುತ ಅಧಿಕಾರದ ಮೂಲ ಜನರೇ, ಜನರ ಪ್ರತಿನಿಧಿಗಳಾದ ಕಾಮನ್ಸ್‌ನದೇ ಪರಮಾಧಿಕಾರ, ಅದು ಮಾಡಿದ್ದು ರಾಜನ ಮತ್ತು ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಒಪ್ಪಿಗೆ ಇಲ್ಲದೆಯೂ ಕಾಯ್ದೆ. ಜನರೇ ಅಧಿಕಾರದ ಮೂಲ ಎಂದು ಸಾರಿದವರು ಜನ ಆರಿಸಿದ ಸಭೆಯ ಬಹುಭಾಗವನ್ನು ಬಂದೂಕಿನ ಬಲದಿಂದ ಹೊರಗಿಟ್ಟು ಕೂತಿದ್ದರು. ಮುಂದಿನ ಎಲ್ಲ ತೊಡಕಿನ ಬೇರು ಇಲ್ಲೇ ಇದೆ.

ರಾಜನ ವಿಚಾರಣೆಗೆ 135 ಮಂದಿ ನ್ಯಾಯಾಧೀಶರನ್ನು ನೇಮಿಸಿದರು. ಜನವರಿ 20ರ ಮೊದಲ ಬಹಿರಂಗ ಕಲಾಪಕ್ಕೆ ಬಂದವರು 68. ಸೈನ್ಯದ ಮಹಾದಂಡನಾಯಕ ಫೇರ್‌ಫ್ಯಾಕ್ಸ್ ದೂರವೇ ಉಳಿದ. ಮರಣದಂಡನೆಯ ಆಜ್ಞೆಗೆ ಸಹಿ ಹಾಕಿದವರು 59. ಜನವರಿ 30ರಂದು ವೈಟ್‌ಹಾಲ್‌ನ ಬ್ಯಾಂಕ್ವೆಟಿಂಗ್ ಹೌಸ್ ಎದುರು ವಧಾಸ್ತಂಭ ಸಿದ್ಧವಾಗಿದ್ದರೂ ರಾಜನನ್ನು ಗಂಟೆಗಟ್ಟಲೆ ಕಾಯಿಸಿದರು. ಕಾನೂನಿನ ಪ್ರಕಾರ ಒಬ್ಬ ರಾಜ ಸತ್ತ ಗಳಿಗೆಯಲ್ಲೇ ಅವನ ಮಗ ರಾಜ. ಹೊಸ ರಾಜನ ಹೆಸರನ್ನು ಯಾರೂ ಸಾರಬಾರದೆಂಬ ಕಾಯ್ದೆಯನ್ನು ಅದೇ ದಿನ ಕಾಮನ್ಸ್‌ನಲ್ಲಿ ಅವಸರವಾಗಿ ಪಾಸು ಮಾಡಬೇಕಾಗಿತ್ತು.

ಮಾರ್ಚ್ 17ರಂದು ರಾಜಪದವಿ ರದ್ದಾಯಿತು, 19ರಂದು ಲಾರ್ಡ್ಸ್ ಸಭೆ. ಲಾರ್ಡ್ಸ್ ಸಭೆ ‘ನಿರುಪಯೋಗಿ ಮತ್ತು ಅಪಾಯಕಾರಿ’ ಎಂಬ ಮಾತು ಆ ಕಾಯ್ದೆಯಲ್ಲೇ ಇದೆ. ಇಂಗ್ಲೆಂಡನ್ನು ‘ಕಾಮನ್‌ವೆಲ್ತ್’, ಅಂದರೆ ಗಣರಾಜ್ಯ, ಎಂದು ಘೋಷಿಸಿದ್ದು ಮೇ 19ರಂದು. ರಾಜನ ತಲೆ ಬಿದ್ದು ಮೂರೂವರೆ ತಿಂಗಳು ದೇಶಕ್ಕೆ ಹೆಸರೇ ಇರಲಿಲ್ಲ. ಮುಂದೇನು ಎಂಬ ನಕ್ಷೆ ಇಟ್ಟುಕೊಂಡು ಕೊಂದವರಲ್ಲ ಇವರು.

ದಾಖಲೆ ಓದುವವರು ಒಂದು ಮಾತು ನೆನಪಿಡಬೇಕು. ಆಗ ಇಂಗ್ಲೆಂಡಿನ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ರಾಜನ ವಧೆಯ ದಿನಾಂಕ ಮೂಲಪತ್ರಗಳಲ್ಲಿ 1648ರ ಜನವರಿ 30 ಎಂದೇ ಇರುತ್ತದೆ. ಇದು ತಿಳಿಯದೆ ಬರೆದ ಲೇಖನಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಘಟನೆಗಳೆಲ್ಲ ಒಂದು ವರ್ಷ ಹಿಂದೆ ಬಿದ್ದಿರುವುದನ್ನು ಈಗಲೂ ನೋಡುತ್ತೇವೆ.

ನಾಣ್ಯದ ಎರಡು ಮುಖ

ಆ ಹನ್ನೊಂದು ವರ್ಷದ ಕಥೆಯನ್ನು ಅಂಗೈ ಮೇಲೆ ಇಟ್ಟು ನೋಡಬೇಕಾದರೆ ನಾಣ್ಯ ಹಿಡಿಯಬೇಕು. 1649ರ ಬೆಳ್ಳಿಯ ಶಿಲ್ಲಿಂಗಿನಲ್ಲಿ ತಲೆಯ ಚಿತ್ರವೇ ಇಲ್ಲ. ಒಂದು ಬದಿಯಲ್ಲಿ ಸೇಂಟ್ ಜಾರ್ಜ್‌ನ ಶಿಲುಬೆಯ ಗುರಾಣಿ, ಅದರ ಸುತ್ತ ಎಲೆಗಳ ಮಾಲೆ, ಅಂಚಿನಲ್ಲಿ ‘ದಿ ಕಾಮನ್‌ವೆಲ್ತ್ ಆಫ್ ಇಂಗ್ಲೆಂಡ್’. ಇನ್ನೊಂದು ಬದಿಯಲ್ಲಿ ಶಿಲುಬೆಯ ಗುರಾಣಿ ಮತ್ತು ಐರ್ಲೆಂಡಿನ ವೀಣೆಯ ಗುರಾಣಿ ಒಂದಕ್ಕೊಂದು ಅಂಟಿಕೊಂಡಿವೆ. ಮೇಲೆ ಬೆಲೆ, ರೋಮನ್ ಅಂಕೆಯಲ್ಲಿ 12. ಅಂಚಿನಲ್ಲಿ ‘ಗಾಡ್ ವಿತ್ ಅಸ್’, ದೇವರು ನಮ್ಮೊಂದಿಗಿದ್ದಾನೆ. ಅಂಟಿಕೊಂಡ ಆ ಎರಡು ಗುರಾಣಿಗಳನ್ನು ಜನ ‘ಚಡ್ಡಿ’ ಎಂದು ಕರೆದರು. ದೇವರು ಒಂದು ಮಗ್ಗುಲಲ್ಲಿ, ಕಾಮನ್‌ವೆಲ್ತ್ ಇನ್ನೊಂದು ಮಗ್ಗುಲಲ್ಲಿ ಎಂದು ರಾಜಪಕ್ಷದವರು ಆಡಿಕೊಂಡರು. ಆದರೂ ಗಮನಿಸಬೇಕಾದ್ದು ಭಾಷೆ. ಲ್ಯಾಟಿನ್ ತೆಗೆದು ಜನರ ಇಂಗ್ಲಿಷಿನಲ್ಲಿ ನಾಣ್ಯ ಹೊಡೆಸಿದ ಸರ್ಕಾರ ಅದು.

1650ರ ನವೆಂಬರಿನಲ್ಲಿ ನ್ಯಾಯಾಲಯದ ಭಾಷೆಯನ್ನೂ ಬದಲಿಸಿದರು. ವಕೀಲರ ಲ್ಯಾಟಿನ್ ಮತ್ತು ಹಳೆಯ ಫ್ರೆಂಚ್ ಬಿಟ್ಟು ಕಡತಗಳೆಲ್ಲ ಇಂಗ್ಲಿಷಿನಲ್ಲಿ, ಅದೂ ಸಾಮಾನ್ಯರು ಓದಬಲ್ಲ ಅಕ್ಷರದಲ್ಲಿ ಇರಬೇಕೆಂದು ಕಾಯ್ದೆ ಹೇಳಿತು. 1660ರಲ್ಲಿ ರಾಜ ಬಂದದ್ದೇ ತಡ, ಲ್ಯಾಟಿನ್ ಮರಳಿತು. ಇಂಗ್ಲಿಷರು ತಮ್ಮದೇ ನ್ಯಾಯಾಲಯದಲ್ಲಿ ತಮ್ಮದೇ ಭಾಷೆಯ ಕಡತ ಮತ್ತೆ ಕಾಣಲು 1733ರವರೆಗೆ ಕಾಯಬೇಕಾಯಿತು. ಕೋರ್ಟಿನ ತೀರ್ಪು ಕನ್ನಡದಲ್ಲಿ ಸಿಗಲಿ ಎಂದು ಇಂದಿಗೂ ಕೇಳುತ್ತಿರುವ ನಮಗೆ ಈ ಎಂಬತ್ತು ವರ್ಷದ ಅಂತರ ಚೆನ್ನಾಗಿ ಅರ್ಥವಾಗುತ್ತದೆ.

ಈಗ 1658ರ ಬೆಳ್ಳಿಯ ಕ್ರೌನ್ ನಾಣ್ಯ ತೆಗೆದುಕೊಳ್ಳಿ. ಅಚ್ಚು ಕೆತ್ತಿದವನು ಥಾಮಸ್ ಸೈಮನ್, ಆ ಕಾಲದ ಅತ್ಯುತ್ತಮ ಕೈ. ಒಂದು ಬದಿಯಲ್ಲಿ ಆಲಿವರ್ ಕ್ರಾಮ್‌ವೆಲ್‌ನ ಮುಖ, ರೋಮನ್ ಚಕ್ರವರ್ತಿಯಂತೆ ತಲೆಗೆ ಎಲೆಯ ಮಾಲೆ. ಬರಹ ಮತ್ತೆ ಲ್ಯಾಟಿನ್. ಹಿಂಬದಿಯ ಗುರಾಣಿಯ ಮೇಲೆ ಕಿರೀಟ. ಕೆಲವು ವರ್ಷಗಳ ಹಿಂದೆ ಕರಗಿಸಿದ ಕಿರೀಟ ನಾಣ್ಯದ ಮೇಲೆ ಮರಳಿತ್ತು. ಅಚ್ಚಿನಲ್ಲೇ ಒಂದು ಬಿರುಕು ಬಿಟ್ಟಿತ್ತು. ಹೊಡೆದಷ್ಟೂ ಅದು ಬೆಳೆದು, ಉಳಿದಿರುವ ಕ್ರೌನ್‌ಗಳಲ್ಲಿ ಕ್ರಾಮ್‌ವೆಲ್‌ನ ಕುತ್ತಿಗೆಗೆ ಅಡ್ಡಲಾಗಿ ಗೆರೆಯಾಗಿ ಕಾಣುತ್ತದೆ.

ಚಡ್ಡಿ ನಾಣ್ಯದಿಂದ ಈ ನಾಣ್ಯಕ್ಕೆ ಬಂದ ದಾರಿಯನ್ನು ಕ್ರಾಮ್‌ವೆಲ್‌ನ ಮಹತ್ವಾಕಾಂಕ್ಷೆ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ದುಡ್ಡಿನ ಲೆಕ್ಕ ಅಷ್ಟಕ್ಕೇ ಬಿಡುವುದಿಲ್ಲ.

ದಿನಕ್ಕೆ ಎಂಟು ಪೆನ್ಸ್

1645ರಲ್ಲಿ ಪಾರ್ಲಿಮೆಂಟ್ ಕಟ್ಟಿದ ‘ನ್ಯೂ ಮಾಡೆಲ್’ ಸೈನ್ಯದಲ್ಲಿ ಕಾಲಾಳಿಗೆ ದಿನಕ್ಕೆ 8 ಪೆನ್ಸ್, ಕುದುರೆ ಸವಾರನಿಗೆ 2 ಶಿಲ್ಲಿಂಗ್. ಸವಾರ ತನ್ನ ಕುದುರೆಯ ಮೇವನ್ನೂ ಅದರಲ್ಲೇ ನೋಡಿಕೊಳ್ಳಬೇಕು. ಆಗಿನ ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್. 1653ರ ಸಂವಿಧಾನ ನಿಗದಿ ಮಾಡಿದ ಸೈನ್ಯ 20,000 ಕಾಲಾಳು, 10,000 ಸವಾರರು. ಹಳೆಯ ದರದಲ್ಲೇ ಲೆಕ್ಕ ಹಾಕೋಣ. ಒಬ್ಬ ಕಾಲಾಳಿಗೆ ವರ್ಷಕ್ಕೆ 12 ಪೌಂಡಿಗೆ ತುಸು ಮೇಲೆ. 20,000 ಜನಕ್ಕೆ ಸುಮಾರು 2.43 ಲಕ್ಷ ಪೌಂಡ್. ಒಬ್ಬ ಸವಾರನಿಗೆ 36 ಪೌಂಡ್ 10 ಶಿಲ್ಲಿಂಗ್; 10,000 ಜನಕ್ಕೆ 3.65 ಲಕ್ಷ. ಅಧಿಕಾರಿಗಳು, ಮದ್ದುಗುಂಡು, ಬೂಟು, ಡೇರೆ, ಕೋಟೆ ದುರಸ್ತಿ ಇವೆಲ್ಲ ಬಿಟ್ಟು, ಬರೀ ಸಿಪಾಯಿಗಳ ಸಂಬಳವೇ 6 ಲಕ್ಷ ದಾಟಿತು. ನಿಜವಾದ ಸೈನ್ಯ ಈ ಮೂವತ್ತು ಸಾವಿರಕ್ಕಿಂತ ದೊಡ್ಡದೇ ಇತ್ತು. ಮೇಲೆ ನೌಕಾಪಡೆ ಬೇರೆ. ಅಂತರ್ಯುದ್ಧಕ್ಕೆ ಮುಂಚೆ, 1630ರ ದಶಕದಲ್ಲಿ ಮೊದಲನೆಯ ಚಾರ್ಲ್ಸ್‌ನ ಒಟ್ಟು ವರಮಾನವೇ ವರ್ಷಕ್ಕೆ 10 ಲಕ್ಷ ಮುಟ್ಟುತ್ತಿರಲಿಲ್ಲ. ಆ ಹಣ ಎತ್ತಲು ಹೋಗಿಯೇ ಅವನು ಜನರನ್ನು ಎದುರು ಹಾಕಿಕೊಂಡದ್ದು.

ದುಡ್ಡು ಎಲ್ಲಿಂದ ಬರಬೇಕು? ಮೊದಲನೆಯದು ‘ಅಸೆಸ್‌ಮೆಂಟ್’. ತಿಂಗಳಿಗೆ ಇಷ್ಟು ಎಂದು ಒಟ್ಟು ಮೊತ್ತ ನಿಗದಿ ಮಾಡಿ, ಅದನ್ನು ಜಿಲ್ಲೆಗಳಿಗೆ ಹಂಚಿ, ಜಿಲ್ಲೆಯವರು ಊರಿಗೆ, ಊರಿನವರು ಮನೆಗೆ ಹಂಚಿ ವಸೂಲು ಮಾಡುವ ತೆರಿಗೆ. 1649ರಲ್ಲಿ ಇದು ತಿಂಗಳಿಗೆ 90,000 ಪೌಂಡ್ ಇತ್ತು. ಡಚ್ಚರ ಜೊತೆ ಯುದ್ಧ ನಡೆಯುತ್ತಿದ್ದಾಗ 1.2 ಲಕ್ಷಕ್ಕೆ ಏರಿತು. ಎರಡನೆಯದು ಎಕ್ಸೈಸ್, 1643ರಲ್ಲಿ ಹೇರಿದ ಸುಂಕ. ಬಿಯರ್, ಸೈಡರ್, ಉಪ್ಪು ಹೀಗೆ ದಿನಬಳಕೆಯ ಸರಕಿನ ಮೇಲೆ ಬೀಳುತ್ತಿದ್ದುದರಿಂದ ಬಡವನಿಗೇ ಹೆಚ್ಚು ತಾಗಿತು. ಮೂರನೆಯದು ಮಾರಾಟ: ಬಿಷಪ್ಪರ ಜಮೀನು, ರಾಜನ ಜಮೀನು, ರಾಜಪಕ್ಷದವರಿಂದ ಕಿತ್ತುಕೊಂಡ ಆಸ್ತಿ. ಅರಮನೆಯ ಚಿತ್ರಗಳನ್ನೂ ಬಿಡಲಿಲ್ಲ. ಕೊಳಾಯಿ ಕೆಲಸದ ಬಾಕಿಗೆ ಬದಲಾಗಿ ರಾಜನ ಪ್ಲಂಬರ್‌ಗೆ ಇಟಲಿಯ ಹೆಸರಾಂತ ಚಿತ್ರಕಾರ ಟಿಷಿಯನ್ ಬರೆದ ಚಿತ್ರ ಕೊಟ್ಟರು. ಆದರೆ ಮಾರಾಟದ ದುಡ್ಡು ಒಮ್ಮೆ ಮಾತ್ರ ಬರುವಂಥದ್ದು, ಸಂಬಳ ತಿಂಗಳು ತಿಂಗಳೂ ಕೊಡುವಂಥದ್ದು. 1650ರ ದಶಕದ ಮಧ್ಯಕ್ಕೆ ಮಾರಲು ಹೆಚ್ಚೇನೂ ಉಳಿದಿರಲಿಲ್ಲ.

ಸಂಬಳ ತಪ್ಪಿದಾಗ ಏನಾಗುತ್ತಿತ್ತು ಎಂಬುದನ್ನು ಹತ್ತಿರದಿಂದ ನೋಡಬೇಕು. ಪಡೆಯನ್ನು ಊರಿನ ಮನೆಗಳಲ್ಲಿ ಇಳಿಸುತ್ತಿದ್ದರು. ಮನೆಯವಳು ಅನ್ನ, ಹಾಸಿಗೆ, ಕುದುರೆಗೆ ಹುಲ್ಲು ಎಲ್ಲ ಕೊಡಬೇಕು. ಪ್ರತಿಯಾಗಿ ಸಿಗುವುದು ಒಂದು ಚೀಟಿ. ಚೀಟಿಯ ಹಣ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಸಿಪಾಯಿಯ ಕೈಗೂ ಚೀಟಿಯೇ ಬಂತು. ಹಳೆಯ ಬಾಕಿಗೆ ‘ಡಿಬೆಂಚರ್’ ಎಂಬ ಸಾಲಪತ್ರ ಕೊಟ್ಟು, ಅದನ್ನು ತೋರಿಸಿ ರಾಜನ ಜಮೀನು ಪಡೆಯಬಹುದು ಎಂದರು. ನೂರಾರು ಸಿಪಾಯಿಗಳ ಪತ್ರ ಒಟ್ಟು ಸೇರಿಸಿದರೆ ಮಾತ್ರ ಒಂದು ಎಸ್ಟೇಟ್ ಕೊಳ್ಳಲು ಸಾಧ್ಯ. ಹೊಟ್ಟೆಗೆ ಬೇಕಾದ ಸಿಪಾಯಿ ಅಷ್ಟು ಕಾಯಲಾರ. ಮುಖಬೆಲೆಯ ಅರ್ಧಕ್ಕಿಂತ ಎಷ್ಟೋ ಕಡಿಮೆಗೆ ಪತ್ರವನ್ನು ತನ್ನ ಅಧಿಕಾರಿಗೇ ಮಾರಿದ. ಹೋರಾಡಿದವನ ಕೈ ಖಾಲಿಯಾಯಿತು, ಕರ್ನಲ್ ಜಮೀನುದಾರನಾದ. ರಾಜಪಕ್ಷದವರಷ್ಟೇ ಗಣರಾಜ್ಯವನ್ನು ಬಯ್ಯುತ್ತಿದ್ದರು ಎನ್ನುವವರು ಅನ್ನ ಕೊಟ್ಟ ಮನೆಯವಳ ಚೀಟಿಯನ್ನೂ ಸಿಪಾಯಿಯ ಈ ಸಾಲಪತ್ರವನ್ನೂ ಮರೆತಿದ್ದಾರೆ.

ತೆರಿಗೆಗೆ ಒಪ್ಪಿಗೆ ಕೊಟ್ಟವರು ಯಾರು?

ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟ್ ಒಪ್ಪದೆ ತೆರಿಗೆ ಹಾಕಬಾರದೆಂಬ ಮಾತಿಗೇ ಅಂತರ್ಯುದ್ಧ ಆದದ್ದು. ಈ ಮಾತು ಹೊಸ ಸರ್ಕಾರದ ಕೊರಳಿಗೂ ಸುತ್ತಿಕೊಂಡಿತು. 1653ರ ಏಪ್ರಿಲ್ 20ರಂದು ಕ್ರಾಮ್‌ವೆಲ್ ಬಂದೂಕುಧಾರಿಗಳನ್ನು ಕರೆತಂದು ರಂಪ್ ಸಭೆಯನ್ನು ಮುಚ್ಚಿದ. ಜುಲೈನಲ್ಲಿ ಚುನಾವಣೆಯಿಲ್ಲದೆ, ನಾಮಕರಣದಿಂದ 140 ಜನರ ಸಭೆ ಕೂಡಿತು. ಡಿಸೆಂಬರಿನಲ್ಲಿ ಅದೂ ಮುಗಿಯಿತು. ಆ ಐದು ತಿಂಗಳಲ್ಲೇ ಅದು ಪಾದ್ರಿ ಇಲ್ಲದೆ ನ್ಯಾಯಾಧಿಕಾರಿಯ ಮುಂದೆ ಮದುವೆ ಮಾಡಿಕೊಳ್ಳುವ ಕಾಯ್ದೆ ತಂದಿತ್ತು.

ಆಮೇಲೆ ಬಂದದ್ದು ‘ಇನ್‌ಸ್ಟ್ರುಮೆಂಟ್ ಆಫ್ ಗವರ್ನಮೆಂಟ್’, ಇಂಗ್ಲೆಂಡ್ ಕಂಡ ಮೊದಲ ಲಿಖಿತ ಸಂವಿಧಾನ. ಮುಖ್ಯವಾಗಿ ರೂಪಿಸಿದವನು ಜನರಲ್ ಜಾನ್ ಲ್ಯಾಂಬರ್ಟ್. ಒಟ್ಟು 42 ವಿಧಿಗಳು. ದೇಶದ ಮುಖ್ಯಸ್ಥನಾಗಿ ಲಾರ್ಡ್ ಪ್ರೊಟೆಕ್ಟರ್ ಒಬ್ಬ (ಆ ಹುದ್ದೆಗೆ ಬಂದವನು ಕ್ರಾಮ್‌ವೆಲ್), ಅವನ ಜೊತೆ 13ರಿಂದ 21 ಜನರ ಮಂಡಳಿ, ಮೂರು ವರ್ಷಕ್ಕೊಮ್ಮೆ ಪಾರ್ಲಿಮೆಂಟ್. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 400 ಸ್ಥಾನ, ಸ್ಕಾಟ್ಲೆಂಡಿಗೆ 30, ಐರ್ಲೆಂಡಿಗೆ 30. ಜಿಲ್ಲೆಗಳಲ್ಲಿ 200 ಪೌಂಡ್ ಬೆಲೆಯ ಆಸ್ತಿ ಇದ್ದವನಿಗೆ ಮತ. ಕಾಗದದ ಮೇಲೆ ಚೊಕ್ಕ ಕೆಲಸ. ತಿದ್ದುಪಡಿ ಹೇಗೆ ಮಾಡಬೇಕೆಂದು ಮಾತ್ರ ಬರೆದಿರಲಿಲ್ಲ. ಪ್ರೊಟೆಕ್ಟರ್ ಮತ್ತು ಪಾರ್ಲಿಮೆಂಟ್ ಜಗಳವಾಡಿದರೆ ತೀರ್ಪು ಹೇಳುವವರು ಯಾರೆಂದೂ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ದೋಷ, ಅದಕ್ಕೆ ಯಾವ ಚುನಾಯಿತ ಸಭೆಯೂ ಒಪ್ಪಿಗೆ ಕೊಟ್ಟಿರಲಿಲ್ಲ. ಅಧಿಕಾರಿಗಳ ಮಂಡಳಿ ಬರೆದು ಜಾರಿಗೆ ತಂದದ್ದು.

1654ರ ಸೆಪ್ಟೆಂಬರ್ 3ರಂದು ಕೂಡಿದ ಪಾರ್ಲಿಮೆಂಟ್ ಮಾಡಿದ ಮೊದಲ ಕೆಲಸ ಈ ಸಂವಿಧಾನವನ್ನೇ ಪರೀಕ್ಷೆಗೆ ಹಚ್ಚಿದ್ದು. ಸೈನ್ಯ ತಗ್ಗಿಸಿ, ತೆರಿಗೆ ಇಳಿಸಿ ಎಂಬುದು ಅವರ ಒತ್ತಾಯ. ಐದು ತಿಂಗಳು ಮುಗಿಯುವ ತನಕ ಸಭೆಯನ್ನು ವಿಸರ್ಜಿಸುವಂತಿಲ್ಲ ಎಂದು ಸಂವಿಧಾನ ಹೇಳುತ್ತಿತ್ತು. ಕ್ರಾಮ್‌ವೆಲ್ ಸೈನ್ಯದ ಸಂಬಳದ ತಿಂಗಳನ್ನು ಹಿಡಿದ, ಅಂದರೆ 28 ದಿನಕ್ಕೆ ಒಂದು ತಿಂಗಳು. ಐದು ಬಾರಿ 28, 140 ದಿನ. 1655ರ ಜನವರಿ 22ಕ್ಕೆ ಸಭೆಗೆ ಬೀಗ. ಆ ಸಭೆ ತೆರಿಗೆಗೆ ಕಾಯ್ದೆ ಮಾಡದೆಯೇ ಮುಗಿಯಿತು. ಈಗ ವಸೂಲಿ ನಡೆಯಬೇಕಾದ್ದು ಪ್ರೊಟೆಕ್ಟರ್‌ನ ಸುಗ್ರೀವಾಜ್ಞೆಯ ಮೇಲೆ.

ಜಾರ್ಜ್ ಕೋನಿ ಎಂಬ ವರ್ತಕ ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿದ. ರೇಷ್ಮೆಯ ಮೇಲಿನ ಸುಂಕ ಕೊಡುವುದಿಲ್ಲ, ಯಾವ ಪಾರ್ಲಿಮೆಂಟೂ ಇದಕ್ಕೆ ಒಪ್ಪಿಲ್ಲ ಎಂದ. ಮೊದಲನೆಯ ಚಾರ್ಲ್ಸ್‌ನ ವಿರುದ್ಧ ಜನ ಹೇಳಿದ ಮಾತೇ ಅದು. ಅವನ ಮೂವರು ವಕೀಲರನ್ನು ಲಂಡನ್ ಗೋಪುರದ ಸೆರೆಮನೆಗೆ ಹಾಕಿದರು. ಕಟ್ಟಕಡೆಗೆ ಕೋನಿ ಹಿಂಜರಿದ. ಆದರೆ ಮುಖ್ಯ ನ್ಯಾಯಾಧೀಶ ರೋಲ್ ಆ ಸುಂಕವನ್ನು ಎತ್ತಿಹಿಡಿಯಲು ಮನಸ್ಸಾಗದೆ ಹುದ್ದೆ ಬಿಟ್ಟ. ಈ ಗಣರಾಜ್ಯದ ಇಡೀ ಚರಿತ್ರೆಯಲ್ಲಿ ಒಂದೇ ಘಟನೆ ಆರಿಸಿ ಎಂದರೆ ನಾವು ರಾಜನ ವಧೆಯನ್ನಲ್ಲ, ಈ ಮೊಕದ್ದಮೆಯನ್ನು ಆರಿಸುತ್ತೇವೆ. ತಾನು ಯಾವ ತತ್ವಕ್ಕಾಗಿ ಹೋರಾಡಿತೋ ಅದನ್ನು ನೆನಪಿಸಿದವರನ್ನೇ ಸರ್ಕಾರ ಸೆರೆಗೆ ಹಾಕಿದ್ದು ಅಂದು.

ಅದೇ ವರ್ಷ ಮೇಜರ್ ಜನರಲ್‌ಗಳ ಆಡಳಿತ ಬಂತು. ದೇಶವನ್ನು ವಿಭಾಗ ಮಾಡಿ ಪ್ರತಿ ವಿಭಾಗಕ್ಕೂ ಒಬ್ಬ ಸೇನಾಧಿಕಾರಿ. ಖರ್ಚಿಗೆ ರಾಜಪಕ್ಷದವರ ಜಮೀನಿನ ವರಮಾನದ ಮೇಲೆ ಹತ್ತರಲ್ಲೊಂದು ಪಾಲು ತೆರಿಗೆ. ವರ್ಷಕ್ಕೆ 100 ಪೌಂಡಿಗಿಂತ ಕಡಿಮೆ ಇದ್ದವರಿಗೆ ವಿನಾಯಿತಿ ಕೊಟ್ಟದ್ದರಿಂದ ಲೆಕ್ಕ ಕೂಡಲಿಲ್ಲ, ಹಲವು ಕಡೆ ಸ್ಥಳೀಯ ಪಡೆಗೆ ಸಂಬಳ ಸಾಲಲಿಲ್ಲ. 1656ರ ಪಾರ್ಲಿಮೆಂಟಿಗೆ ಆಯ್ಕೆಯಾದವರಲ್ಲಿ ಸುಮಾರು ನೂರು ಮಂದಿಯನ್ನು ಮಂಡಳಿ ಬಾಗಿಲಲ್ಲೇ ತಡೆಯಿತು. ಹಾಗೆ ಸೋಸಿದ ಸಭೆ ಕೂಡ 1657ರ ಜನವರಿ 29ರಂದು ಆ ತೆರಿಗೆಯನ್ನು 124ಕ್ಕೆ 88 ಮತಗಳಿಂದ ತಿರಸ್ಕರಿಸಿತು.

ವಕೀಲರು ಕಿರೀಟ ಕೊಟ್ಟದ್ದು ಯಾಕೆ?

ಮುಂದಿನ ತಿಂಗಳೇ ಅದೇ ಸಭೆಯಲ್ಲಿ ಕ್ರಾಮ್‌ವೆಲ್‌ಗೆ ರಾಜಪಟ್ಟ ಕೊಡುವ ಪ್ರಸ್ತಾಪ ಬಂತು. ಇದನ್ನು ಹೊಗಳುಭಟ್ಟರ ಕೆಲಸ ಎಂದುಕೊಂಡರೆ ತಪ್ಪು. ಒತ್ತಾಯ ಮಾಡಿದವರು ಬಹುಪಾಲು ಕಾನೂನು ಬಲ್ಲವರು, ಅವರ ವಾದ ಗಟ್ಟಿಯಾಗಿತ್ತು. ರಾಜ ಏನು ಮಾಡಬಹುದು, ಏನು ಮಾಡಬಾರದು ಎಂದು ನೂರಾರು ವರ್ಷದ ತೀರ್ಪುಗಳು ಗೆರೆ ಎಳೆದಿವೆ. ಪ್ರೊಟೆಕ್ಟರ್ ಎಂಬ ಹುದ್ದೆಗೆ ಅಂಥ ಗೆರೆ ಎಲ್ಲಿದೆ? ಜೊತೆಗೆ 1495ರ ಒಂದು ಕಾಯ್ದೆ ಇತ್ತು. ವಾಸ್ತವದಲ್ಲಿ ಆಳುತ್ತಿರುವ ರಾಜನಿಗೆ ವಿಧೇಯನಾಗಿ ನಡೆದವನನ್ನು ಮುಂದೆ ಬೇರೆ ರಾಜ ಬಂದರೂ ದ್ರೋಹಿ ಎಂದು ಶಿಕ್ಷಿಸಬಾರದು ಎಂದು ಅದು ರಕ್ಷಣೆ ಕೊಡುತ್ತಿತ್ತು. ಆ ರಕ್ಷಣೆ ‘ರಾಜ’ ಎಂಬ ಪದಕ್ಕೆ ಕಟ್ಟಿಕೊಂಡಿತ್ತು. ಪ್ರೊಟೆಕ್ಟರ್‌ಗೆ ದುಡಿದವನ ತಲೆ ಕಾಯುವ ಕಾಯ್ದೆ ಇರಲಿಲ್ಲ.

ಕೆಲವೇ ವಾರಗಳ ಹಿಂದಿನ ಜೇಮ್ಸ್ ನೇಲರ್ ಪ್ರಕರಣವೂ ಅವರ ಕಣ್ಣಮುಂದಿತ್ತು. ಕ್ರಿಸ್ತನಂತೆ ಬ್ರಿಸ್ಟಲ್ ಊರೊಳಗೆ ಸವಾರಿ ಬಂದ ಈ ಕ್ವೇಕರ್ ಪಂಥದವನನ್ನು ಪಾರ್ಲಿಮೆಂಟ್ ತಾನೇ ವಿಚಾರಣೆ ಮಾಡಿತು. ಮರಣದಂಡನೆಗೆ ಪರವಾಗಿ 82, ವಿರುದ್ಧ 96 ಮತ. ಹದಿನಾಲ್ಕು ಮತದಲ್ಲಿ ಜೀವ ಉಳಿಯಿತು. ನಾಲಗೆಗೆ ಕಾದ ಕಬ್ಬಿಣ ಚುಚ್ಚಿ, ಹಣೆಗೆ ಬರೆ ಹಾಕಿದರು. ಯಾವ ಅಧಿಕಾರದಿಂದ ಹೀಗೆ ಮಾಡಿದಿರಿ ಎಂದು ಕ್ರಾಮ್‌ವೆಲ್ ಪತ್ರ ಬರೆದು ಕೇಳಿದ. ಉತ್ತರ ಸಿಗಲಿಲ್ಲ. ಒಂದೇ ಸಭೆ, ಅದರ ಮೇಲೆ ತಡೆ ಇಲ್ಲ. ಎರಡನೆಯ ಸಭೆ ಬೇಕೆಂಬ ವಾದಕ್ಕೆ ಬಲ ಬಂದದ್ದು ಹೀಗೆ.

1657ರ ಮೇ 8ರಂದು ಕ್ರಾಮ್‌ವೆಲ್ ಕಿರೀಟ ಬೇಡ ಎಂದ. ದೈವಸಂಕಲ್ಪ ಕೆಡವಿದ್ದನ್ನು ತಾನು ಮತ್ತೆ ಕಟ್ಟಲಾರೆ ಎಂದು ಮೊದಲೇ ಹೇಳಿದ್ದ. ಸೈನ್ಯದ ಹಿರಿಯ ಅಧಿಕಾರಿಗಳು ಒಪ್ಪುವುದಿಲ್ಲ ಎಂಬುದೂ ಅಷ್ಟೇ ನಿಜ. ಜೂನ್ 26ರಂದು ಅದೇ ಪ್ರೊಟೆಕ್ಟರ್ ಹುದ್ದೆಗೆ ಎರಡನೆಯ ಬಾರಿ ಪದಗ್ರಹಣವಾದಾಗ ಅಬ್ಬೆಯಿಂದ ಪಟ್ಟಾಭಿಷೇಕದ ಕುರ್ಚಿಯನ್ನೇ ತರಿಸಿದರು, ನೇರಳೆ ನಿಲುವಂಗಿ ತೊಡಿಸಿದರು. ಕಿರೀಟವೊಂದನ್ನು ಬಿಟ್ಟು ಎಲ್ಲವೂ ಇತ್ತು.

ಕಡಲಾಚೆ

ಈ ಕಾಲವನ್ನು ಸ್ವಾತಂತ್ರ್ಯದ ಬೆಳಗು ಎಂದು ಹೊಗಳುವವರು ಐರ್ಲೆಂಡಿನ ಕಡೆ ತಿರುಗಿ ನೋಡಬೇಕು. ಕ್ರಾಮ್‌ವೆಲ್‌ನ ಸೈನ್ಯ 1649ರ ಸೆಪ್ಟೆಂಬರಿನಲ್ಲಿ ಡ್ರೊಹೆಡಾ ಪಟ್ಟಣಕ್ಕೆ ನುಗ್ಗಿತು, ಅಕ್ಟೋಬರಿನಲ್ಲಿ ವೆಕ್ಸ್‌ಫರ್ಡ್‌ಗೆ. ಕೋಟೆ ಬಿದ್ದ ಮೇಲೂ ಕೊಲೆ ನಿಲ್ಲಲಿಲ್ಲ. ಸೈನ್ಯದ ಬಾಕಿಯನ್ನು ಇಲ್ಲಿ ತೀರಿಸಿದ್ದು ಐರಿಷ್ ಕ್ಯಾಥೊಲಿಕರ ಜಮೀನಿನಿಂದ. ವಿಲಿಯಂ ಪೆಟ್ಟಿ ಹಾಕಿದ ಸರ್ವೆ ಸರಪಳಿ ಈ ಹಂಚಿಕೆಗಾಗಿಯೇ. ಹಿಂದೆ ಜಮೀನಿನ ಅರ್ಧಕ್ಕಿಂತ ಹೆಚ್ಚು ಹಿಡಿದಿದ್ದ ಕ್ಯಾಥೊಲಿಕರ ಪಾಲು ಆ ಶತಮಾನ ಮುಗಿಯುವ ಮೊದಲು ಐದನೇ ಒಂದಕ್ಕೆ ಹತ್ತಿರ ಬಂತು. 1899ರಲ್ಲಿ ವೆಸ್ಟ್‌ಮಿನ್‌ಸ್ಟರ್ ಎದುರು ಕ್ರಾಮ್‌ವೆಲ್ ಪ್ರತಿಮೆ ನಿಲ್ಲಿಸಿದಾಗ ಐರಿಷ್ ಸದಸ್ಯರ ವಿರೋಧದಿಂದ ಸರ್ಕಾರದ ಹಣ ಬಳಸಲಾಗಲಿಲ್ಲ. ಖಾಸಗಿ ದುಡ್ಡಿನಲ್ಲಿ ಆಯಿತು.

1655ರಲ್ಲಿ ಪೆನ್ ಮತ್ತು ವೆನಬಲ್ಸ್ ನಾಯಕತ್ವದ ನೌಕಾಪಡೆ ಸ್ಪೇನಿನಿಂದ ಜಮೈಕಾ ಕಿತ್ತುಕೊಂಡಿತು. ಆಗ ಇಂಗ್ಲೆಂಡಿನಲ್ಲಿ ರಾಜನೇ ಇರಲಿಲ್ಲ. ಬ್ರಿಟನ್ನಿನ ರಾಜ ತಮಗೆ ರಾಷ್ಟ್ರಮುಖ್ಯಸ್ಥನಾಗಿ ಬೇಡವೆಂದು 2024ರ ಡಿಸೆಂಬರಿನಲ್ಲಿ ಮಸೂದೆ ಮಂಡಿಸಿದ ಅದೇ ಜಮೈಕಾವನ್ನು ಸಾಮ್ರಾಜ್ಯಕ್ಕೆ ಸೇರಿಸಿದ್ದು ಗಣರಾಜ್ಯ.

ನಮಗೆ ತಾಗುವ ಎಳೆಯೂ ಒಂದಿದೆ. ಈಸ್ಟ್ ಇಂಡಿಯಾ ಕಂಪನಿ ಅಲ್ಲಿಯವರೆಗೆ ಬಂಡವಾಳವನ್ನು ಕೆಲವು ಯಾನಗಳಿಗೆ ಅಥವಾ ಕೆಲವು ವರ್ಷಗಳಿಗೆಂದು ಕೂಡಿಸಿ, ಅವಧಿ ಮುಗಿದಾಗ ಹಂಚಿಕೊಳ್ಳುತ್ತಿತ್ತು. ಪೈಪೋಟಿಯ ಕೋರ್ಟೀನ್ ಸಂಘದವರು 1638ರಲ್ಲೇ ಕಾರವಾರದಲ್ಲಿ ಕೋಠಿ ತೆರೆದು ಮೆಣಸಿನ ವ್ಯಾಪಾರಕ್ಕೆ ಕೈ ಹಾಕಿದ್ದರು. 1657ರ ಅಕ್ಟೋಬರಿನಲ್ಲಿ ಕ್ರಾಮ್‌ವೆಲ್ ಕೊಟ್ಟ ಸನದಿನಿಂದ ಕಂಪನಿಯ ಬಂಡವಾಳ ಕಾಯಂ ಆಯಿತು. ಸುಮಾರು 7.4 ಲಕ್ಷ ಪೌಂಡಿಗೆ ಜನ ಹೆಸರು ಬರೆಸಿದರು, ಅದರಲ್ಲಿ ಅರ್ಧವನ್ನು ಕಟ್ಟಿಸಿಕೊಂಡರು. ಭಾರತವನ್ನು ಮುಂದೆ ಆಳಿದ ಕಂಪನಿಗೆ ಮುಗಿಯದ ಆಯುಸ್ಸು ಬಂದದ್ದು ಆ ಸನದಿನಲ್ಲಿ.

ಬಿದ್ದ ಹದಿನೆಂಟು ತಿಂಗಳು

1658ರ ಸೆಪ್ಟೆಂಬರ್ 3ರಂದು ಕ್ರಾಮ್‌ವೆಲ್ ಸತ್ತ. ಅವನ ನಂತರ ಪ್ರೊಟೆಕ್ಟರ್ ಆದ ಮಗ ರಿಚರ್ಡ್‌ಗೆ ಸೈನ್ಯದಲ್ಲಿ ಸೇವೆಯ ಹೆಸರಿರಲಿಲ್ಲ. 1659ರ ಏಪ್ರಿಲಿನಲ್ಲಿ ಪಾರ್ಲಿಮೆಂಟಿನ ಮುಂದಿಟ್ಟ ಲೆಕ್ಕದಲ್ಲಿ ವರ್ಷದ ವರಮಾನ ಸುಮಾರು 18.7 ಲಕ್ಷ ಪೌಂಡ್, ಖರ್ಚು 22 ಲಕ್ಷ. ಹಳೆಯ ರಾಜನ ಕಾಲದ ಎರಡರಷ್ಟು ವಸೂಲಿ ಮಾಡಿಯೂ 3.3 ಲಕ್ಷ ಕೊರತೆ, ಮೇಲೆ ದೊಡ್ಡ ಸಾಲ. ಆ ತಿಂಗಳೇ ಸೈನ್ಯ ಸಭೆಯನ್ನು ಮುಚ್ಚಿಸಿತು, ಮೇನಲ್ಲಿ ರಿಚರ್ಡ್ ಇಳಿದ, ರಂಪ್ ಮರಳಿತು; ಅಕ್ಟೋಬರಿನಲ್ಲಿ ಲ್ಯಾಂಬರ್ಟ್ ಅದನ್ನು ಓಡಿಸಿದ, ಡಿಸೆಂಬರಿನಲ್ಲಿ ಮತ್ತೆ ಬಂತು.

ಸ್ಕಾಟ್ಲೆಂಡಿನಲ್ಲಿ ಜನರಲ್ ಜಾರ್ಜ್ ಮಂಕ್ ತನ್ನ ಪಡೆಗೆ ಸಂಬಳ ಒದಗಿಸಿ, ನಂಬಿಕೆಯಿಲ್ಲದ ಅಧಿಕಾರಿಗಳನ್ನು ತೆಗೆದು ಕಾದಿದ್ದ. ಇಂಗ್ಲೆಂಡಿನಲ್ಲಿದ್ದ ಲ್ಯಾಂಬರ್ಟ್‌ನ ಪಡೆ ಸಂಬಳವಿಲ್ಲದೆ ಚಳಿಗಾಲದಲ್ಲಿ ಕರಗಿಹೋಯಿತು. 1660ರ ಜನವರಿ ಮೊದಲ ವಾರ ಕೋಲ್ಡ್‌ಸ್ಟ್ರೀಮ್ ಬಳಿ ಗಡಿ ದಾಟಿದ ಮಂಕ್ ಫೆಬ್ರವರಿ 3ಕ್ಕೆ ಲಂಡನ್ ಸೇರಿದ. ಸಭೆ ಪೂರ್ಣವಾಗುವ ತನಕ ತೆರಿಗೆ ಕೊಡುವುದಿಲ್ಲ ಎಂದು ಲಂಡನ್ ನಗರಸಭೆ ಹಟ ಹಿಡಿದಿತ್ತು. ನಗರದ ಬಾಗಿಲು, ಸರಪಳಿ ಕಿತ್ತುಹಾಕು ಎಂದು ರಂಪ್ ಮಂಕ್‌ಗೆ ಅಪ್ಪಣೆ ಮಾಡಿತು. ಫೆಬ್ರವರಿ 9ರಂದು ಅವನು ಕಿತ್ತ. ಹನ್ನೊಂದಕ್ಕೆ ಮಗ್ಗುಲು ಬದಲಿಸಿ, ಖಾಲಿ ಸ್ಥಾನ ತುಂಬಿ ಎಂದು ರಂಪ್‌ಗೇ ಪತ್ರ ಬರೆದ. ಆ ರಾತ್ರಿ ಬೀದಿ ಬೀದಿಯಲ್ಲಿ ಬೆಂಕಿ ಹಾಕಿ ಜನ ಪ್ರಾಣಿಗಳ ಹಿಂಭಾಗದ ಮಾಂಸ ಸುಟ್ಟರು. ಫೆಬ್ರವರಿ 21ರಂದು, ಪ್ರೈಡ್ ಹನ್ನೊಂದು ವರ್ಷದ ಹಿಂದೆ ತಳ್ಳಿದ್ದ ಸದಸ್ಯರು ಮರಳಿ ಒಳಗೆ ಬಂದು ಕುಳಿತರು. ಅಲ್ಲಿಂದ ಮುಂದೆ ರಾಜ ಬರುವುದು ದಿನಗಳ ಮಾತಾಗಿತ್ತು.

ಏಪ್ರಿಲ್ 4ರಂದು ಡಚ್ಚರ ಬ್ರೆಡಾ ಪಟ್ಟಣದಿಂದ, ವಧೆಯಾದ ರಾಜನ ಮಗ ಎರಡನೆಯ ಚಾರ್ಲ್ಸ್ ಕಳಿಸಿದ ಘೋಷಣೆಯಲ್ಲಿ ನಾಲ್ಕು ಭರವಸೆ ಇದ್ದವು: ಕ್ಷಮೆ, ಧಾರ್ಮಿಕ ಸಹನೆ, ಮಾರಿದ ಜಮೀನಿನ ತಗಾದೆ ಪಾರ್ಲಿಮೆಂಟಿನ ತೀರ್ಮಾನಕ್ಕೆ, ಮತ್ತು ಸೈನ್ಯದ ಬಾಕಿ ಪೂರ್ತಿ ಪಾವತಿ. ಆ ನಾಲ್ಕನೆಯ ಮಾತು ಅಲ್ಲಿ ಸುಮ್ಮನೆ ಬಂದು ಕೂತದ್ದಲ್ಲ. ಪಾರ್ಲಿಮೆಂಟ್ ವಿಶೇಷ ತೆರಿಗೆ ಹಾಕಿ ಹಣ ಕೂಡಿಸಿತು, ಪಡೆಗಳು ಸಂಬಳ ಎಣಿಸಿಕೊಂಡು ಮನೆಗೆ ಹೋದವು.

ಈಗಿನ ವಾದಕ್ಕೆ

ಒಮ್ಮೆ ನೋಡಿ ಬಿಟ್ಟದ್ದು ಎಂಬ ವಾದ ನಿಲ್ಲದಿರುವುದು ಇಲ್ಲಿಯೇ. 1650ರ ದಶಕದಲ್ಲಿ ಯಾವ ಮುಕ್ತ ಚುನಾವಣೆಯಲ್ಲೂ ರಾಜ ಬೇಕೇ ಎಂಬ ಪ್ರಶ್ನೆ ಜನರ ಮುಂದೆ ಬರಲಿಲ್ಲ. ಆ ಸರ್ಕಾರವನ್ನು ಕೊಂದ ಕಾಯಿಲೆ ಈಗಿನ ಬ್ರಿಟನ್ನಿನಲ್ಲಿ ಇಲ್ಲ. ಶಾಂತಿಕಾಲದಲ್ಲಿ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಸೈನ್ಯ ಇಟ್ಟುಕೊಳ್ಳುವಂತಿಲ್ಲ ಎಂದು 1689ರ ಹಕ್ಕುಗಳ ಕಾಯ್ದೆ ಹೇಳಿತು. ಇಂದಿಗೂ ಐದು ವರ್ಷಕ್ಕೊಮ್ಮೆ ಹೊಸ ಸೇನಾ ಕಾಯ್ದೆ ಪಾಸಾಗಬೇಕು. ಮೇಜರ್ ಜನರಲ್‌ಗಳ ನೆನಪು ಆ ನಿಯಮದಲ್ಲಿ ಉಳಿದಿದೆ.

ಆದರೆ ಗಣರಾಜ್ಯ ಬೇಕೆನ್ನುವವರಿಗೂ ಆ ಕಾಲ ಕೇಳುವ ಪ್ರಶ್ನೆಗಳಿವೆ, ಅವು ಇನ್ನೂ ಹಾಗೆಯೇ ಇವೆ. ಯುದ್ಧ ಸಾರುವ, ಒಪ್ಪಂದ ಮಾಡುವ ರಾಜನ ವಿಶೇಷಾಧಿಕಾರವನ್ನು ಈಗ ವಾಸ್ತವದಲ್ಲಿ ಚಲಾಯಿಸುವುದು ಪ್ರಧಾನಿ ಮತ್ತು ಸಚಿವರು. ರಾಜನನ್ನು ತೆಗೆದರೆ ಆ ಅಧಿಕಾರಕ್ಕೆ ಗೆರೆ ಎಳೆಯುವವರು ಯಾರು? 1657ರ ವಕೀಲರು ಕೇಳಿದ್ದು ಇದನ್ನೇ. ವಂಶಪಾರಂಪರ್ಯದ ಲಾರ್ಡ್ಸ್ ಸದಸ್ಯರನ್ನು ತೆಗೆಯುವ ಮಸೂದೆ 2024ರಲ್ಲಿ ಮಂಡನೆಯಾದಾಗ ಮೇಲ್ಮನೆ ಹೇಗಿರಬೇಕೆಂಬ ಚರ್ಚೆ ಮತ್ತೆ ತೆರೆಯಿತು. ನೇಲರ್ ಪ್ರಕರಣ ಓದಿದವರು ಒಂದೇ ಸಭೆ ಸಾಕು ಎಂದು ಸುಲಭವಾಗಿ ಹೇಳಲಾರರು. ಇನ್ನು ಪ್ರಮಾಣವಚನ. 1650ರ ಜನವರಿಯಲ್ಲಿ 18 ದಾಟಿದ ಗಂಡಸರೆಲ್ಲ ‘ರಾಜ ಮತ್ತು ಲಾರ್ಡ್ಸ್ ಸಭೆ ಇಲ್ಲದ’ ಕಾಮನ್‌ವೆಲ್ತ್‌ಗೆ ನಿಷ್ಠರಾಗಿರುತ್ತೇವೆ ಎಂದು ಸಹಿ ಹಾಕಬೇಕೆಂದು ಕಾಯ್ದೆ ಮಾಡಿದರು. ಹಾಕದವರಿಗೆ ಕೋರ್ಟಿನಲ್ಲಿ ದಾವೆ ಹೂಡುವ ಹಕ್ಕೇ ಇಲ್ಲ. ಈಗ ಚುನಾಯಿತ ಸದಸ್ಯ ರಾಜನಿಗೆ ಮತ್ತು ಅವನ ವಾರಸುದಾರರಿಗೆ ನಿಷ್ಠೆ ಹೇಳದಿದ್ದರೆ ಸದನದಲ್ಲಿ ಕೂರುವಂತಿಲ್ಲ, ಮತ ಹಾಕುವಂತಿಲ್ಲ. ಮತದಾರ ಒಪ್ಪಿ ಕಳಿಸಿದವನನ್ನು ಬಾಗಿಲಲ್ಲಿ ನಿಲ್ಲಿಸುವುದು ಎರಡೂ ಕಾಲಕ್ಕೆ ಸಲ್ಲದ ಕೆಲಸ ಎಂಬುದು ನಮ್ಮ ಅಭಿಪ್ರಾಯ.

1660ರಲ್ಲಿ ಗೆದ್ದವರು ಆ ಹನ್ನೊಂದು ವರ್ಷದ ಕಾಯ್ದೆಗಳನ್ನು ರದ್ದು ಮಾಡುವ ಗೋಜಿಗೂ ಹೋಗಲಿಲ್ಲ. ರಾಜನ ಅಂಕಿತ ಇಲ್ಲದ್ದು ಕಾಯ್ದೆಯೇ ಅಲ್ಲ, ಇಲ್ಲದ್ದನ್ನು ರದ್ದು ಮಾಡುವುದೇನು ಎಂದರು. ಆಮೇಲೆ ಬೇಕಾದ್ದನ್ನು ಒಂದೊಂದಾಗಿ ಹೊಸದಾಗಿ ಬರೆದುಕೊಂಡರು. 1651ರ ನೌಕಾಯಾನ ಕಾಯ್ದೆ ಮತ್ತೆ ಬಂತು, ಎಕ್ಸೈಸ್ ಉಳಿಯಿತು. ನ್ಯಾಯಾಧಿಕಾರಿಯ ಮುಂದೆ ಆದ ಮದುವೆಗಳು ಬಿದ್ದುಹೋಗದಂತೆ ಅವನ್ನು ಊರ್ಜಿತಗೊಳಿಸಲು ಬೇರೆ ಕಾಯ್ದೆ ಮಾಡಿದರು. ಇಲ್ಲವಾದರೆ ಆ ದಂಪತಿಗಳ ಮಕ್ಕಳ ಆಸ್ತಿ ಹಕ್ಕೇ ಹೋಗುತ್ತಿತ್ತು. ಕಂಪನಿ 1661ರ ಏಪ್ರಿಲಿನಲ್ಲಿ ರಾಜನಿಂದ ಹೊಸ ಸನದು ಪಡೆಯಿತು. ಎರಡನೆಯ ಚಾರ್ಲ್ಸ್ ಲಂಡನ್ ಪ್ರವೇಶಿಸಿದ್ದು 1660ರ ಮೇ 29ಕ್ಕೆ. ಬ್ರಿಟನ್ನಿನ ಶಾಸನ ಗ್ರಂಥದಲ್ಲಿ ಅವನ ಕಾಯ್ದೆಗಳ ಮೊದಲ ಪುಟ ತೆರೆದರೆ ತಲೆಬರಹ ಇಂದಿಗೂ ಹೀಗಿದೆ: ಎರಡನೆಯ ಚಾರ್ಲ್ಸ್‌ನ ಆಳ್ವಿಕೆಯ 12ನೇ ವರ್ಷ.